ತಾಳವಾಡಿ ಟೇಬಲ್ ಮೀಮಾಂಸೆ

ವೆಬ್ ಪುಟವನ್ನು ಟೇಬಲ್ ಹಾಕಿ ಕಟ್ಟಬೇಕೋ ಸ್ಟೈಲ್‌ಶೀಟ್ ಬರೆದು ಕಟ್ಟಬೇಕೋ ಎಂಬ ಜಿಜ್ಞಾಸೆಗೆ ತಾಳವಾಡಿಗಿಂತ ಪ್ರಶಸ್ತವಾದ ಕ್ಷೇತ್ರ ಇನ್ನೊಂದಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿನ ಖಾನೆಗೆ ಬಂತು, ತಾಳವಾಡಿ ಮದರಾಸಿನ ಖಾನೆಯಲ್ಲೇ ಉಳಿಯಿತು. ರಾಜ್‌ಕುಮಾರ್ ಅವರ ದೊಡ್ಡಗಾಜನೂರೂ ಅದರೊಳಗೇ. ಮನೆಮಾತು ಕನ್ನಡ, ಕಚೇರಿಯ ಬೋರ್ಡು ತಮಿಳು. ವಿಷಯವೇ ಬೇರೆ, ಚೌಕಟ್ಟೇ ಬೇರೆ ಎಂಬ ಸ್ಟೈಲ್‌ಶೀಟ್ ಸಿದ್ಧಾಂತವನ್ನು ಹೋಕೋನ್ ವಿಯುಮ್ ಲೀ 1994ರಲ್ಲಿ ಮಂಡಿಸಿದರಂತೆ. ಇಲ್ಲಿನವರು 38 ವರ್ಷ ಮೊದಲೇ ಅದನ್ನು ಬಾಳಿ ತೋರಿಸಿದ್ದರೂ ಯಾವ ಭಾಷ್ಯಕಾರನೂ ಇತ್ತ ತಿರುಗಿ ನೋಡಿಲ್ಲ.

ಈಗ ಪೂರ್ವಪಕ್ಷ. ತಾಳವಾಡಿಯ ಒಂದು ಹೋಂಸ್ಟೇ ಪುಟವನ್ನು ಕಲ್ಪಿಸಿಕೊಳ್ಳಿ. ಎಡಕ್ಕೆ ಕೊಂಡಿಗಳ ಪಟ್ಟಿ, ಬಲಕ್ಕೆ ಆನೆಯ ಚಿತ್ರ. ಟೇಬಲ್ ಮತಸ್ಥರು ಇಷ್ಟಕ್ಕೇ ಟೇಬಲ್‌ನೊಳಗೊಂದು ಟೇಬಲ್, ಅದರ ಹೊಟ್ಟೆಯಲ್ಲಿ ಮತ್ತೊಂದು ಇಡುತ್ತಿದ್ದರು. ಖಾಲಿ ಖಾನೆ ಕುಸಿಯದಿರಲೆಂದು ಒಂದೇ ಪಿಕ್ಸೆಲ್ಲಿನ ಪಾರದರ್ಶಕ ಜಿಫ್ ತುರುಕುತ್ತಿದ್ದರು. ಅದಕ್ಕೆ ಬಣ್ಣವಿಲ್ಲ, ರೂಪವಿಲ್ಲ, ಕಣ್ಣಿಗೆ ಬೀಳುವುದೂ ಇಲ್ಲ; ತೆಗೆದರೆ ಮಾತ್ರ ಪುಟವೇ ಬಿದ್ದುಹೋಗುತ್ತದೆ. ನಿರ್ಗುಣ ಬ್ರಹ್ಮಕ್ಕೆ ಇಷ್ಟು ಗಟ್ಟಿಯಾದ ಪ್ರಮಾಣ ಯಾವ ಮಠದಲ್ಲೂ ಸಿಕ್ಕಿರಲಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಪಾಡು ಕೇಳಬೇಡಿ. ಸಾಲು ಒಂದು, ಕಾಲಂ ಎರಡು, ಮತ್ತೆ ಟೇಬಲ್ ಎಂದು ಬಡಬಡಿಸಿ, ಆನೆ ಬರುವಷ್ಟರಲ್ಲಿ ಕೇಳುವವರಿಗೆ ಜೋಂಪು.

ಬರೀ ಅಂದಕ್ಕಾಗಿ ಟೇಬಲ್ ಬಳಸಬೇಡಿ ಎಂದು ಎಚ್‌ಟಿಎಂಎಲ್ 4ರ ನಿಯಮಗ್ರಂಥ 1997ರ ಡಿಸೆಂಬರಿನಲ್ಲೇ ಹೇಳಿತು. ಕೇಳಿದವರು ಯಾರು? ಎರಡೂ ಮತದ ಪಂಡಿತರು ಎರಚಾಟಕ್ಕೇ ಇಳಿದರು. ತಾಳವಾಡಿ ಬಳಿಯ ಗುಮಟಾಪುರದವರು ದೀಪಾವಳಿ ಮುಗಿದ ಮೇಲೆ ಗೋರೆಹಬ್ಬದಲ್ಲಿ ಒಬ್ಬರ ಮೇಲೊಬ್ಬರು ಸಗಣಿ ಎರಚಾಡಿ, ಮೈ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಪಂಡಿತರಿಗೆ ಮೈ ತೊಳೆದುಕೊಳ್ಳುವ ಹೊತ್ತು ವರ್ಷಗಟ್ಟಲೆ ಬರಲಿಲ್ಲ. 2017ರಲ್ಲಿ ಮುಖ್ಯ ಬ್ರೌಸರುಗಳಿಗೆಲ್ಲ ಸ್ಟೈಲ್‌ಶೀಟಿನ ಗ್ರಿಡ್ ವಿನ್ಯಾಸ ಬಂದ ಮೇಲೆ ಗದ್ದಲ ಅಷ್ಟಿಷ್ಟು ತಗ್ಗಿತು.

ಇನ್ನು ಸಿದ್ಧಾಂತ. ಒಂದು ಖಾನೆಯನ್ನು ಕಿತ್ತು ಒಂಟಿಯಾಗಿ ಓದಿ ನೋಡಿ; ಅರ್ಥ ಕೆಟ್ಟರೆ ಟೇಬಲ್ ಬೇಕು, ಕೆಡದಿದ್ದರೆ ಬೇಡ. ಉದಾಹರಣೆಗೆ, ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ಇಲ್ಲಿನ ದಿಂಬಂ ಘಟ್ಟದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. 'ಸಂಜೆ 6ರಿಂದ ಬೆಳಗ್ಗೆ 6' ಎಂದಷ್ಟೇ ಬರೆದರೆ, ಯಾರಿಗೆ ಸ್ವಾಮಿ? ಆಗ ಲಾರಿಯಂಥ ವಾಣಿಜ್ಯ ವಾಹನಗಳಿಗೆ ಸಂಜೆ 6ರಿಂದ, ಉಳಿದವಕ್ಕೆ ರಾತ್ರಿ 9ರಿಂದ. ಎಡಗಡೆಯ ವಾಹನವನ್ನೂ ಮೇಲಿನ ತಲೆಬರಹವನ್ನೂ ನೋಡದೆ ಈ ಅಂಕಿಗೆ ಅರ್ಥವಿಲ್ಲ. ಇಲ್ಲಿ ಟೇಬಲ್ ಹಾಕದವನೇ ಅಪರಾಧಿ. ಆನೆಯಾದರೋ ಎಡಕ್ಕಿಟ್ಟರೂ ಆನೆ, ಬಲಕ್ಕಿಟ್ಟರೂ ಆನೆ. ಅದನ್ನು ಸ್ಟೈಲ್‌ಶೀಟಿಗೆ ಬಿಡಿ, ಮೊಬೈಲಿನಲ್ಲಿ ತಾನಾಗಿ ಪಟ್ಟಿಯ ಕೆಳಗೆ ಇಳಿದು ನಿಲ್ಲುತ್ತದೆ. ಸೋಲಾರ್ ಬೇಲಿಗೇ ಸೊಪ್ಪು ಹಾಕದ ಪ್ರಾಣಿಯನ್ನು ಟೇಬಲ್ ಗೆರೆಯೊಳಗೆ ಕಟ್ಟುತ್ತೇವೆನ್ನುವವರ ಧೈರ್ಯ ಮೆಚ್ಚತಕ್ಕದ್ದೇ.

ಅಪವಾದ ಒಂದಿದೆ. 2007ರ ಔಟ್‌ಲುಕ್ ಈಮೇಲ್ ತೋರಿಸುವ ಕೆಲಸವನ್ನು ವರ್ಡ್ ತಂತ್ರಾಂಶಕ್ಕೆ ವಹಿಸಿತು. ವರ್ಡ್‌ಗೆ ಸ್ಟೈಲ್‌ಶೀಟ್ ಅರ್ಧಂಬರ್ಧ ತಿಳಿಯುತ್ತದೆ, ಟೇಬಲ್ ಚೆನ್ನಾಗಿ ತಿಳಿಯುತ್ತದೆ. ಹೀಗಾಗಿ ಹಗಲೆಲ್ಲ ಟೇಬಲ್ ಖಂಡಿಸಿದ ಸ್ಟೈಲ್ ಮಠದ ಸ್ವಾಮಿಗಳು, ಹೋಂಸ್ಟೇ ಬಿಲ್ಲನ್ನು ಮೇಲ್ ಮಾಡುವಾಗ ಬಾಗಿಲು ಹಾಕಿಕೊಂಡು ಟೇಬಲ್‌ನೊಳಗೊಂದು ಟೇಬಲ್ ಇಟ್ಟೇ ಕಳಿಸುತ್ತಾರೆ.