ಗಿಟಾರಿನ ತಲೆ ನೋಡಿ ಜಾತಕ ಹೇಳುವವರು

ಹಳೇ ಬ್ಯಾಂಡಿನ ಫೋಟೋ ಒಂದನ್ನು ಗಿಟಾರ್ ಹುಚ್ಚಿನವರ ಮುಂದಿಟ್ಟು ಮಜಾ ನೋಡಿ. ಹಾಡುಗಾರನ ಬೆಲ್‌ಬಾಟಮ್ಮು, ಕಿವಿ ಮುಚ್ಚಿದ ಕ್ರಾಪು ಒಂದೂ ಅವರ ಕಣ್ಣಿಗೆ ಬೀಳುವುದಿಲ್ಲ. ಭೂತಗನ್ನಡಿ ಸೀದಾ ಗಿಟಾರಿನ ತಲೆಗೇ ಹೋಗುತ್ತದೆ. ಆರು ಬಿರಡೆಗಳೂ ಒಂದೇ ಸಾಲಿನಲ್ಲಿದ್ದರೆ "ಫೆಂಡರ್ ಇರ್ಬೇಕು ಕಣ್ರೀ" ಅನ್ನುತ್ತಾರೆ. ಆ ಕಡೆ ಮೂರು, ಈ ಕಡೆ ಮೂರಾದರೆ "ಗಿಬ್ಸನ್ನೋ ಏನೋ" ಎಂದು ಗಲ್ಲ ಕೆರೆದುಕೊಳ್ಳುತ್ತಾರೆ.

ತಲೆ ಅಷ್ಟು ಮುಖ್ಯವೇ ಅಂತ ಕೇಳಿಬಿಟ್ಟೀರಿ ಮತ್ತೆ! 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿಗೆ 1965ರ ಕೊನೆಯ ಹೊತ್ತಿಗೆ ತಲೆ ದಪ್ಪವಾಯಿತು. ಹಾಗಾಗಿ ದಪ್ಪ ತಲೆಯದನ್ನು ನೇತುಹಾಕಿಕೊಂಡು "ಇದು 1962ರ ಪ್ರೋಗ್ರಾಮು" ಎಂದು ಕೊಚ್ಚಿಕೊಳ್ಳುವ ಹಿರಿಯರ ಬಾಯಿ ಅಲ್ಲಿಗೇ ಬಂದ್. 1977ರಲ್ಲಂತೂ ಗಿಬ್ಸನ್ ಒಡೆಯರು, ತಮ್ಮ ಗಿಟಾರಿನ ತಲೆಯನ್ನೇ ನಕಲು ಮಾಡಿದ್ದಾರೆಂದು, ಜಪಾನಿನ ಐಬನೇಜ್ ಗಿಟಾರನ್ನು ಅಮೆರಿಕದಲ್ಲಿ ಮಾರುತ್ತಿದ್ದವರ ಮೇಲೆ ಕೇಸು ಜಡಿದರು. ಬಾಡಿ ಬಿಟ್ಟು ತಲೆಗಾಗಿ ಕೋರ್ಟು ಹತ್ತಿದವರು!

ಎಡಗೈಲಿ ಬಾರಿಸುವವನು ಕಂಡರೆ ಇನ್ನೊಂದು ಗಲಾಟೆ. ಜಿಮಿ ಹೆಂಡ್ರಿಕ್ಸ್ ಬಲಗೈಯವರ ಸ್ಟ್ರಾಟನ್ನೇ ತಿರುವಿ ಹಿಡಿಯುತ್ತಿದ್ದ, ಸರಿ. ಆದರೆ ಎಷ್ಟೋ ಸಲ ಫೋಟೋದಲ್ಲಿ ತಿರುವಿರುವುದು ಗಿಟಾರನ್ನಲ್ಲ, ನೆಗೆಟಿವನ್ನೇ. ಡ್ರಮ್ಮಿನ ಮೇಲಿನ ಅಕ್ಷರ ತಿರುಗಮುರುಗ ಇದೆಯೇ, ಶರ್ಟಿನ ಗುಂಡಿ ಯಾವ ಕಡೆ ಇದೆ ಎಂದು ನೋಡಿದವನೇ ಜಾಣ.

ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ಫೋಟೋ ಆದರೆ ಇನ್ನೂ ಹುಷಾರಾಗಿರಬೇಕು. ದೂರದಿಂದ ಗಿಬ್ಸನ್ ಅಂತ ಓದಿಸಿಕೊಂಡದ್ದು ಹತ್ತಿರ ಹೋದರೆ ಕೋಲ್ಕತ್ತಾದ ಗಿವ್‌ಸನ್ ಆಗಿರುತ್ತದೆ. ಅದರಲ್ಲೇ ನಮ್ಮವರು ಊರು ಕುಣಿಸಿದ್ದಾರೆ ಅನ್ನುವುದು ಬೇರೆ ಮಾತು.

ಒಂದು ಮಾತು ಮಾತ್ರ ನೆನಪಿರಲಿ. ಫೋಟೋ ಇದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಗಿಟಾರ್ ಹೇಳುತ್ತದೆ. ಹಳೇ ಗಿಟಾರನ್ನು ಇವತ್ತೂ ಹಿಡಿದು ನಿಲ್ಲಬಹುದು, ಮುಂದೆ ಬರಲಿರುವುದನ್ನು ಹಿಡಿಯುವುದು ಸಿನಿಮಾದಲ್ಲಷ್ಟೇ ಸಾಧ್ಯ. 'ಬ್ಯಾಕ್ ಟು ದ ಫ್ಯೂಚರ್'ನಲ್ಲಿ ಹುಡುಗ 1955ರ ಡ್ಯಾನ್ಸಿನಲ್ಲಿ ಬಾರಿಸುವ ಗಿಬ್ಸನ್ ಇಎಸ್-345 ಆಗ ಇನ್ನೂ ಹುಟ್ಟಿಯೇ ಇರಲಿಲ್ಲ!

ಹಾಗಂತ ಇವರನ್ನು ಪೂರ್ತಿ ಬೈಯುವಂತಿಲ್ಲ. ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡಿಗೆ ಕೊಂಡ ಹಾಫ್ನರ್ ಬೇಸು 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿತ್ತು. ಅದರ ಎರಡೂ ಪಿಕಪ್ಪುಗಳು ಕತ್ತಿನ ಕಡೆಗೇ ಒತ್ತೊತ್ತಾಗಿವೆ. ಅವನದೇ 1963ರ ಬೇಸಿನಲ್ಲಿ ಒಂದು ದೂರ ಸರಿದಿದೆ. ಫೋಟೋದಲ್ಲೇ ಅಣ್ಣ ಯಾರು, ತಮ್ಮ ಯಾರು ಎಂದು ಹೇಳಿಬಿಡಬಹುದು. ಹುಚ್ಚರು ಪಟ್ಟು ಬಿಡದೆ ಹುಡುಕಿದರು, ಅರ್ಧ ಶತಮಾನ ಕಳೆದ ಮೇಲೆ ಅದು ಯಜಮಾನನ ಕೈ ಸೇರಿತು.

ಇಷ್ಟೆಲ್ಲ ಬಲ್ಲವರನ್ನು "ಹಿಂದೆ ಡ್ರಮ್ಸ್ ಬಾರಿಸ್ತಿರೋನು ಯಾರು ಸ್ವಾಮಿ?" ಎಂದು ಕೇಳಿ ನೋಡಿ. "ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ" ಅನ್ನುತ್ತಾರೆ!