ಮೋಡದೊಳಗಿಂದ ಬಂದ ಬಟ್ಟಲು

ಟ್ಯಾರೋ ಕಾರ್ಡಿನಲ್ಲಿ ಭವಿಷ್ಯ ಕಾಣುತ್ತದೋ ಇಲ್ಲವೋ, ನೆಂಟರಿಷ್ಟರಂತೂ ಚೆನ್ನಾಗಿ ಕಾಣುತ್ತಾರೆ. ಹತ್ತು ದೊಣ್ಣೆ ತಬ್ಬಿಕೊಂಡು, ಮುಖ ಮರೆಯಾಗುವಷ್ಟು ಬಾಗಿ ನಡೆಯುವ ಬಡಪಾಯಿ ಬಂದರೆ ಅದು ನಾನೇ, ಅನುಮಾನವೇ ಬೇಡ. ಡೇರೆಯಿಂದ ಐದು ಖಡ್ಗ ಎತ್ತಿಕೊಂಡು ತುದಿಗಾಲಲ್ಲಿ ಜಾರಿಕೊಳ್ಳುವ ಆಸಾಮಿ ಬಂದರೆ ತಟ್ಟನೆ ಭಾವಮೈದುನ ನೆನಪಾಗುತ್ತಾನೆ.

15ನೇ ಶತಮಾನದ ಇಟಲಿಯಲ್ಲಿ ಇದು ಇಸ್ಪೀಟಿನಂಥ ಆಟ, ಅಷ್ಟೇ. ಶಾಸ್ತ್ರ ಹೇಳುವ ಉಸಾಬರಿ ಗಂಟುಬಿದ್ದದ್ದು 18ನೇ ಶತಮಾನದಲ್ಲಿ. ಆಗಿನ ಕಟ್ಟುಗಳಲ್ಲಿ 'ನಾಲ್ಕು ಬಟ್ಟಲು' ಎಂಬ ಎಲೆಯೆಂದರೆ ಬಹುತೇಕ ಬರೀ ನಾಲ್ಕು ಬಟ್ಟಲಿನ ಚಿತ್ರ. 1909ರಲ್ಲಿ ಲಂಡನ್ನಿನ ಆರ್ಥರ್ ವೇಟ್ ಸಾಹೇಬರಿಗಾಗಿ 78 ಎಲೆಗಳನ್ನು ಬರೆದುಕೊಟ್ಟ ಪಮೇಲಾ ಕೋಲ್ಮನ್ ಸ್ಮಿತ್, ಚಿಲ್ಲರೆ ಎಲೆಗಳಿಗೂ ಕಥೆ ಕಟ್ಟಿದಳು. ಕೆಲಸ ದಂಡಿ, ದುಡ್ಡು ಮಾತ್ರ ಅಷ್ಟಕ್ಕಷ್ಟೇ ಎಂದು ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಕಾಗದ ಬರೆದಿದ್ದಳಂತೆ. ಆ ದೊಣ್ಣೆ ಹೊತ್ತವನ ಬೆನ್ನು ಅಷ್ಟು ಸಹಜವಾಗಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ!

ನಾನು ಬೆಳಿಗ್ಗೆ ಒಂದು ಎಲೆ ಎತ್ತುತ್ತೇನೆ. ಅರ್ಥ ಹೇಳುವ ಪುಸ್ತಕ ಮುಟ್ಟುವುದಿಲ್ಲ. ಚಿತ್ರ ನೋಡಬೇಕು, ಬಾಯಿಗೆ ಬಂದದ್ದನ್ನು ಹೇಳಬೇಕು, ಆಮೇಲೆ 'ಅದನ್ನೇ ಯಾಕೆ ಹೇಳಿದೆ?' ಎಂದು ನನಗೆ ನಾನೇ ಪಾಟೀಸವಾಲು ಹಾಕಿಕೊಳ್ಳಬೇಕು. ಗಿಳಿಶಾಸ್ತ್ರದ ಗಿಳಿಯಾದರೆ ಎಲೆ ಎತ್ತಿಕೊಟ್ಟು, ಕಾಳು ತಿಂದು ಪಂಜರ ಸೇರುತ್ತದೆ. ಇಲ್ಲಿ ಗಿಳಿಯೂ ನಾನೇ, ಶಾಸ್ತ್ರದವನೂ ನಾನೇ, ದಕ್ಷಿಣೆಗೆ ಚೌಕಾಶಿ ಮಾಡುವ ಗಿರಾಕಿಯೂ ನಾನೇ.

ಹದಿಮೂರನೆಯ ಎಲೆ, ಬಿಳಿ ಕುದುರೆಯೇರಿದ ಅಸ್ಥಿಪಂಜರ, ಬಂದ ದಿನ ನನ್ನವಳು ಬೆಚ್ಚಿದಳು. "ಸಾವಲ್ಲ ಕಣೇ, ಹಳೇದು ಹೋಗಿ ಹೊಸದು ಬರೋದು" ಎಂದು ಸಮಾಧಾನ ಹೇಳಿದೆ. "ಹಾಗಾದ್ರೆ ಅಟ್ಟದ ಮೇಲಿನ ಪೇಪರೆಲ್ಲ ಇವತ್ತೇ ರದ್ದಿಗೆ ಹಾಕಿ" ಎಂದಳು.

ಮೊನ್ನೆ ಬಂದದ್ದು ನಾಲ್ಕು ಬಟ್ಟಲು. ಮರದಡಿ ಕೈಕಟ್ಟಿ ಕೂತ ಹುಡುಗ, ಎದುರಿಗೆ ಮೂರು ಬಟ್ಟಲು. ಮೋಡದೊಳಗಿಂದ ಒಂದು ಕೈ ನಾಲ್ಕನೆಯದನ್ನು ಚಾಚಿದೆ, ಇವನು ಕಣ್ಣೆತ್ತಿಯೂ ನೋಡುತ್ತಿಲ್ಲ.

"ಎಂಥ ಸ್ವಾಭಿಮಾನಿ! ಸಿಕ್ಕಿದ್ದಕ್ಕೆಲ್ಲ ಕೈಯೊಡ್ಡುವವನಲ್ಲ" ಎಂದೆ.

"ಪಾಪ, ಕಾಫಿ ಹಿಡಿದು ಎಷ್ಟು ಹೊತ್ತಿಂದ ನಿಂತಿದಾಳೋ" ಎಂದಳು ಇಣುಕಿ ನೋಡಿ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು, ಊರು ಬಿಡಬೇಕಾಗುತ್ತದೆಂದು ಬೇಡವೆಂದ ಬಡ್ತಿ. ಅವಳ ತಲೆಯಲ್ಲಿ, ನನ್ನ ಮುಂದೆ ಕೆನೆಗಟ್ಟುತ್ತಿದ್ದ ಲೋಟ. ವೇಟ್ ಸಾಹೇಬರಂತೂ ಆ ಹುಡುಗನದು ಬೇಸರ, ಅತೃಪ್ತಿ ಎಂದು ಬರೆದಿದ್ದಾರೆ. ಸ್ವಾಭಿಮಾನದ ಸುದ್ದಿಯೇ ಇಲ್ಲ. ನನಗೆ ಹೇಗೆ ಗೊತ್ತಾಯಿತೆನ್ನುತ್ತೀರಾ? ಪುಸ್ತಕ ಮುಟ್ಟುವುದಿಲ್ಲವೆಂಬ ವ್ರತ ನನ್ನದು. ಅವಳು ಅಡುಗೆಮನೆಯಿಂದಲೇ ಗಟ್ಟಿಯಾಗಿ ಓದಿದಳು.