ಟ್ರೆಂಟನ್ ಪ್ರಭುಗಳ ಐವತ್ತು ಡಾಲರ್

ನ್ಯೂಜೆರ್ಸಿಯಲ್ಲಿ ಆದಾಯ ತೆರಿಗೆ ಹುಟ್ಟಿದ್ದೇ ಮನೆ ತೆರಿಗೆಯ ಹೊರೆ ಇಳಿಸಲಿಕ್ಕೆ. ನಗಬೇಡಿ, ಆ ರಾಜ್ಯದ ಸಂವಿಧಾನವೇ ಹಾಗೆ ಹೇಳುತ್ತದೆ. ಶಾಲೆಗಳ ಖರ್ಚನ್ನು ಊರೂರಿನ ಮನೆ ತೆರಿಗೆಯ ಮೇಲೆ ಹೇರಿದ್ದರಿಂದ ಬಡ ಊರಿನ ಮಕ್ಕಳಿಗೆ ಅನ್ಯಾಯವಾಗಿದೆ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಗದರಿಸಿತ್ತು. ರಾಜಧಾನಿ ಟ್ರೆಂಟನ್ನಿನ ಶಾಸಕರು ಜಗ್ಗದಿದ್ದಾಗ 1976ರ ಜುಲೈನಲ್ಲಿ ಶಾಲೆಗಳಿಗೇ ಬೀಗ ಹಾಕಿಸಿತು. ಕೆಲವೇ ದಿನಗಳಲ್ಲಿ ಗವರ್ನರ್ ಬ್ರೆಂಡನ್ ಬರ್ನ್ ಆದಾಯ ತೆರಿಗೆಯ ಕಾನೂನಿಗೆ ಸಹಿ ಹಾಕಿದರು. ಬಂದ ಹಣವೆಲ್ಲ ಮನೆ ತೆರಿಗೆ ಪರಿಹಾರ ನಿಧಿಗೆ ಎಂದು ಮಾತು ಕೊಟ್ಟದ್ದೂ ಆಯಿತು. ಅರ್ಧ ಶತಮಾನದ ಚಿಕಿತ್ಸೆಯ ಫಲವಾಗಿ 2024ರಲ್ಲಿ ಅಲ್ಲಿನ ಸರಾಸರಿ ಮನೆ ತೆರಿಗೆ 10,000 ಡಾಲರ್ ದಾಟಿತು, ಅಮೆರಿಕದಲ್ಲೇ ಮೊದಲ ಸ್ಥಾನ. ರೋಗ ಆರೋಗ್ಯವಾಗಿದೆ.

ಏಪ್ರಿಲ್ 15 ಹತ್ತಿರ ಬಂದಾಗ ಎಡಿಸನ್ ಊರಿನ ಕನ್ನಡಿಗ ಆದಾಯ ತೆರಿಗೆಯ ಎನ್‌ಜೆ-1040 ಫಾರಂ ತೆರೆದು, ಮನೆಯ ಬ್ಲಾಕ್ ನಂಬರು, ಲಾಟ್ ನಂಬರು ತುಂಬಿ, ಸರಕಾರದ ಔದಾರ್ಯಕ್ಕೆ ಕೈ ಚಾಚುತ್ತಾನೆ. ಎದುರಿಗೆ ಎರಡು ದಾರಿ. ಕಟ್ಟಿದ ಮನೆ ತೆರಿಗೆಯನ್ನು, 15,000 ಡಾಲರ್ ಮೀರದಂತೆ, ಆದಾಯದಲ್ಲಿ ಕಳೆಯಬಹುದು. ಬೇಡವಾದರೆ, ತೆರಿಗೆ ಸೊನ್ನೆಯಾದರೂ ಕೈಗೆ ಬರುವ ಕ್ರೆಡಿಟ್ ತೆಗೆದುಕೊಳ್ಳಬಹುದು. ಎಷ್ಟು? 50 ಡಾಲರ್. ಸೊನ್ನೆ ಬಿಟ್ಟುಹೋಗಿಲ್ಲ. 2018ರಲ್ಲಿ ಕಡಿತದ ಮಿತಿಯನ್ನು 10,000ದಿಂದ 15,000ಕ್ಕೆ ಏರಿಸಿದರು, ಐವತ್ತು ಮಾತ್ರ ಐವತ್ತಾಗಿಯೇ ಉಳಿಯಿತು.

ಐವತ್ತನ್ನು ಯಾರು ಮುಟ್ಟುತ್ತಾರೆ ಅನ್ನಬೇಡಿ. ಬೆಳಿಗ್ಗೆ ಎಡಿಸನ್ನಿನಲ್ಲಿ ರೈಲು ಹತ್ತಿ ನ್ಯೂಯಾರ್ಕಿಗೆ ದುಡಿಯಲು ಹೋಗುವ ನಮ್ಮವರನ್ನು ಕೇಳಿ. ಸಂಬಳದ ಮೇಲಿನ ತೆರಿಗೆಯನ್ನು ಮೊದಲು ನ್ಯೂಯಾರ್ಕ್ ಹಿಡಿದುಕೊಳ್ಳುತ್ತದೆ. ಮನೆಯಲ್ಲೇ ಕೂತು ಕೆಲಸ ಮಾಡಿದರೂ ಬಿಡುವುದಿಲ್ಲ. ಮನೆಯಲ್ಲಿ ಕೂತದ್ದು ನಿನ್ನ ಅನುಕೂಲಕ್ಕೆ, ಕಂಪನಿಯ ಅಗತ್ಯಕ್ಕಲ್ಲ ಎಂಬ ನಿಯಮವನ್ನೇ ಇಟ್ಟುಕೊಂಡಿದೆ. ಅಲ್ಲಿ ಕಟ್ಟಿದ್ದಕ್ಕೆ ನ್ಯೂಜೆರ್ಸಿ ಕ್ರೆಡಿಟ್ ಕೊಡುವುದರಿಂದ ಇಲ್ಲಿನ ಆದಾಯ ತೆರಿಗೆ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯಲ್ಲಿ 15,000 ಕಳೆದರೆ ಏನು ಬಂತು? ಆದ್ದರಿಂದ ಹತ್ತು ಸಾವಿರ ಕಟ್ಟಿದ ಗೃಹಸ್ಥ ವರ್ಕ್‌ಶೀಟ್ ಬಿಡಿಸಿ, ಗುಣಿಸಿ ಭಾಗಿಸಿ, ಕೊನೆಗೆ ಸರಕಾರದಿಂದ ಐವತ್ತು ಡಾಲರ್ ಗೆಲ್ಲುತ್ತಾನೆ. ಓಕ್ ಟ್ರೀ ರಸ್ತೆಯಲ್ಲಿ ಮನೆಮಂದಿಯೊಂದಿಗೆ ದೋಸೆ ತಿಂದು ಬಂದರೆ ಲೆಕ್ಕ ಚುಕ್ತಾ.

ಬಾಡಿಗೆದಾರರನ್ನೂ ಸರಕಾರ ಮರೆತಿಲ್ಲ. ಕೊಟ್ಟ ಬಾಡಿಗೆಯಲ್ಲಿ ಶೇ. 18 ಮನೆ ತೆರಿಗೆಯೇ ಎಂದು ಭಾವಿಸಿಕೊಳ್ಳಲು ಅನುಮತಿಯಿದೆ. ಆದರೆ ಜೆರ್ಸಿ ಸಿಟಿಯ ಕೆಲವು ಗಾಜಿನ ಗೋಪುರಗಳಲ್ಲಿ ಬಿಲ್ಡರು ಮನೆ ತೆರಿಗೆಯ ಬದಲು ನಗರಸಭೆಯೊಂದಿಗೆ ಪೈಲಟ್ ಎಂಬ ಬೇರೆ ಒಪ್ಪಂದ ಮಾಡಿಕೊಂಡಿರುತ್ತಾನೆ. ರಿಯಾಯಿತಿ ಬಿಲ್ಡರಿಗೆ ಸಿಕ್ಕಿದೆಯಲ್ಲ, ಒಂದೇ ಕಟ್ಟಡಕ್ಕೆ ಎಷ್ಟು ಸಲ ಕೊಡುವುದು! ಭಾವಿಸಿಕೊಳ್ಳುವ ಹಕ್ಕೂ ಬಾಡಿಗೆದಾರನಿಗೆ ಇಲ್ಲ.

ಇದು ಸಾಲದೆಂದು ಆಂಕರ್ ಎಂಬ ಯೋಜನೆ ಬಂತು. ಒಂದೂವರೆ ಲಕ್ಷ ಡಾಲರ್‌ವರೆಗೆ ಆದಾಯವಿರುವ ಮನೆಯೊಡೆಯರಿಗೆ 1,500, ಎರಡೂವರೆ ಲಕ್ಷದವರೆಗೆ 1,000, ಬಾಡಿಗೆದಾರರಿಗೆ 450. ಮೊದಲ ಕಂತು 2019ರ ಅಕ್ಟೋಬರ್ 1ರಂದು ರಾಜ್ಯದ ಮನೆಯಲ್ಲಿ ವಾಸವಿದ್ದವರಿಗೆ, ಕೈಗೆ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಮನೆ ಮಾರಿದವರೂ ಈಗ ತಮ್ಮದಲ್ಲದ ಮನೆಯ ಹೆಸರಿನಲ್ಲಿ ಅರ್ಜಿ ಹಾಕಿದರು. ತುಮಕೂರಿನಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಶಿರಸ್ತೇದಾರರೊಬ್ಬರು ಕನ್ನಡಕ ಏರಿಸಿ ಇದನ್ನೆಲ್ಲ ಓದಿದರಂತೆ. “ಅಳಿಯಂದಿರೇ, ತಪ್ಪು ತಿಳ್ಕೋಬೇಡಿ. ಕಡಿಮೆ ವಸೂಲಿ ಮಾಡಿದ್ರೆ ವಾಪಸ್ ಕೊಡೋ ತಾಪತ್ರಯಾನೇ ಇರ್ತಿರ್ಲಿಲ್ವಲ್ಲ?”

“ಆಗ ಕೊಟ್ಟೋರು ಯಾರು ಅಂತ ಜನಕ್ಕೆ ಗೊತ್ತಾಗೋದು ಹೇಗೆ ಮಾವ?”

ಶಿರಸ್ತೇದಾರರು ತಲೆದೂಗಿದರು. ಇಲಾಖೆಯಲ್ಲಿ ಸವೆದವರಿಗೆ ಒಂದು ಮಾತು ಸಾಕು.

ಅರವತ್ತೈದು ದಾಟಿದವರಿಗೆ ಇನ್ನೂ ಎರಡು ಭಾಗ್ಯಗಳಿವೆ: ತೆರಿಗೆಯ ಏರಿಕೆಯನ್ನು ತುಂಬಿಕೊಡುವ ಸೀನಿಯರ್ ಫ್ರೀಜ್, ಸ್ಟೇ ಎನ್‌ಜೆ. ಎರಡನೆಯದು ಬಂದಾಗ ಕೊಟ್ಟ ಮಾತು: ಆಂಕರ್, ಸೀನಿಯರ್ ಫ್ರೀಜ್ ಹಣವೂ ಸೇರಿ ಮನೆ ತೆರಿಗೆಯ ಅರ್ಧ, 6,500 ಡಾಲರ್ ಮೀರದಂತೆ, ಮರಳುತ್ತದೆ. ಹೆಸರೇ ಹೇಳುವಂತೆ ಅಲ್ಲಿಯವರೆಗೆ ರಾಜ್ಯ ಬಿಟ್ಟು ಓಡಬಾರದು, ಅಷ್ಟೆ. ಎಲ್ಲಕ್ಕೂ ಅರ್ಜಿ, ಆದಾಯದ ಮಿತಿ, ಕೊನೆಯ ದಿನಾಂಕ.

ತೆರಿಗೆ ಕಟ್ಟಲು ಮಾತ್ರ ಅರ್ಜಿ ಬೇಡ, ಅರ್ಹತೆಯೂ ಬೇಡ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಕಿಗೆ ಕಂತು ತಾನಾಗಿಯೇ ಬರುತ್ತದೆ. ತಡವಾದರೆ ಮೊದಲ 1,500 ಡಾಲರ್ ಬಾಕಿಗೆ ವರ್ಷಕ್ಕೆ ಶೇ. 8ರವರೆಗೆ, ಅದರ ಮೇಲಿನದಕ್ಕೆ ಶೇ. 18ರವರೆಗೆ ಬಡ್ಡಿ ಹಾಕಲು ಊರಿನ ಆಡಳಿತಕ್ಕೆ ಕಾನೂನಿನ ಬಲವಿದೆ. 2019ರ ಆಂಕರ್ ಹಣ 2023ರಲ್ಲಿ ಬಂತಲ್ಲ, ಅದರ ಮೇಲಿನ ಬಡ್ಡಿ: ಸೊನ್ನೆ.